ಪ್ಯಾಕೇಜ್ ಒಳಗಿನ ಫೈಲ್ ಯಾರ ಹೆಸರಿಗಿದೆ? ಮಾಲೀಕತ್ವದ ಗಂಟು ಬಿಡಿಸುವ ಬಗೆ

ಲಿನಕ್ಸ್ ಪ್ಯಾಕೇಜ್ (ಪ್ರೋಗ್ರಾಂನ ಫೈಲ್‌ಗಳನ್ನೆಲ್ಲ ಕಟ್ಟಿಟ್ಟ ಇನ್‌ಸ್ಟಾಲ್ ಕಡತ) ಕಟ್ಟಿದ ಮೆಷಿನ್‌ನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅದನ್ನೇ ಇನ್ನೊಂದು ಸರ್ವರ್‌ಗೆ ಹಾಕಿದರೆ /ಯುಎಸ್‌ಆರ್/ಬಿನ್ ಒಳಗಿನ ಪ್ರೋಗ್ರಾಂ ರೂಟ್ (ಎಲ್ಲ ಅಧಿಕಾರವುಳ್ಳ ಆಡಳಿತ ಖಾತೆ) ಹೆಸರಿಗೆ ಬರುವ ಬದಲು, ಆ ಸರ್ವರ್‌ನಲ್ಲಿ ಮೊಟ್ಟಮೊದಲು ಖಾತೆ ತೆರೆದವರು ಯಾರೋ ಅವರ ಹೆಸರಿಗೆ ಬಂದು ಕೂತಿರುತ್ತದೆ. ರೂಟ್ ಓಡಿಸುವ ಪ್ರೋಗ್ರಾಂ ಅನ್ನು ಈಗ ಅವರು ಸುಡೊ (ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸಾಧನ) ಇಲ್ಲದೆಯೇ ತಿದ್ದಬಹುದು. ಭದ್ರತೆಗೆ ಇದಕ್ಕಿಂತ ದೊಡ್ಡ ತೂತು ಬೇಕಿಲ್ಲ.

ಕಾರಣ ಸರಳ. ಇನೋಡ್‌ನಲ್ಲಿ (ಡಿಸ್ಕ್ ಮೇಲೆ ಫೈಲ್‌ನ ವಿವರ ಇರುವ ದಾಖಲೆ) ಮಾಲೀಕರ ಹೆಸರು ಇರುವುದೇ ಇಲ್ಲ. ಯುಐಡಿ (ಬಳಕೆದಾರರದು), ಜಿಐಡಿ (ಗುಂಪಿನದು) ಎಂಬ ಎರಡು ನಂಬರ್ ಮಾತ್ರ ಇರುತ್ತವೆ. ಹೆಸರು ಇರುವುದು /ಇಟಿಸಿ/ಪಾಸ್‌ಡಬ್ಲ್ಯೂಡಿ ಫೈಲ್‌ನಲ್ಲಿ, ಇಲ್ಲವೇ ಎಲ್‌ಡಿಎಪಿಯಂಥ ಹೊರಗಿನ ಪಟ್ಟಿಯಲ್ಲಿ. ಡೆಬಿಯನ್, ಫೆಡೋರಾ, ಆರ್ಚ್ ಎಂಬ ಮೂರು ಲಿನಕ್ಸ್ ಬಗೆಗಳಲ್ಲೂ ಮೊದಲ ಸಾಮಾನ್ಯ ಬಳಕೆದಾರರಿಗೆ ಸಿಗುವ ನಂಬರ್ 1000. ನಿಮ್ಮ ಲ್ಯಾಪ್‌ಟಾಪ್‌ನ 1000 ನೀವು, ಸರ್ವರ್‌ನ 1000 ಬೇರೆಯವರು. ಸರ್ವೆ ನಂಬರ್ ಒಂದೇ ಇದ್ದರೂ ಊರು ಬದಲಾದರೆ ಜಮೀನು ಯಾರದೋ ಆಗುವ ಹಾಗೆ.

ಆದ್ದರಿಂದ ಹುಡುಕಾಟ ಶುರು ಮಾಡುವಾಗ ಹೆಸರನ್ನು ನಂಬಬೇಡಿ, ನಂಬರ್ ನೋಡಿ. (ಕಮಾಂಡ್‌ಗಳನ್ನು ಉಚ್ಚರಿಸುವ ಹಾಗೆ ಇಲ್ಲಿ ಬರೆದಿದೆ, ಟರ್ಮಿನಲ್‌ನಲ್ಲಿ ಎಂದಿನ ಅಕ್ಷರಗಳೇ.) ಡಿಸ್ಕ್ ಮೇಲಿನ ಫೈಲ್‌ಗೆ "ಎಲ್‌ಎಸ್ -ಎಲ್‌ಎನ್". ಟಾರ್ ಕಡತಕ್ಕೆ (ಹಲವು ಫೈಲ್‌ಗಳನ್ನು ಒಂದರಲ್ಲಿ ಕಟ್ಟಿದ್ದು) "ಟಾರ್ --ನ್ಯೂಮರಿಕ್-ಓನರ್ -ಟಿವಿಎಫ್". ನ್ಯೂಮರಿಕ್-ಓನರ್ ಇಲ್ಲದೆ ನೋಡಿದರೆ ಟಾರ್ ತನ್ನೊಳಗೆ ಬರೆದಿಟ್ಟುಕೊಂಡ ಹೆಸರನ್ನು ತೋರಿಸುತ್ತದೆ. ಟಾರ್‌ನಲ್ಲಿ ಹೆಸರೂ ಇರುತ್ತದೆ, ನಂಬರೂ ಇರುತ್ತದೆ. ರೂಟ್ ಆಗಿ ಬಿಚ್ಚಿದಾಗ ಜಿಎನ್‌ಯು ಟಾರ್ (ಲಿನಕ್ಸ್‌ನ ಎಂದಿನ ಟಾರ್) ಮೊದಲು ಆ ಹೆಸರು ಈ ಮೆಷಿನ್‌ನಲ್ಲಿ ಇದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ನಂಬರ್ ಹಚ್ಚುತ್ತದೆ. ಸಾಮಾನ್ಯ ಬಳಕೆದಾರರಾಗಿ ಬಿಚ್ಚಿದರೆ ಎರಡನ್ನೂ ಬಿಟ್ಟು ಎಲ್ಲವನ್ನೂ ನಿಮ್ಮ ಹೆಸರಿಗೆ ಮಾಡುತ್ತದೆ. ಒಂದೇ ಕಡತವನ್ನು ಇಬ್ಬರು ಬಿಚ್ಚಿ ಎರಡು ಬೇರೆ ಫಲ ಕಂಡು ಜಗಳವಾಡುವುದು ಇಲ್ಲಿಂದಲೇ.

ಮೂರು ಜಾಗ, ಮೂರು ಲೆಕ್ಕ

ಪ್ಯಾಕೇಜ್ ಕಟ್ಟುವಾಗ ಮಾಲೀಕತ್ವದ ಪ್ರಶ್ನೆ ಮೂರು ಕಡೆ ಬರುತ್ತದೆ. ಒಂದು, ಸೋರ್ಸ್ ಕಂಪೈಲ್ ಆಗುವ ಬಿಲ್ಡ್ ಫೋಲ್ಡರ್. ಎರಡು, "ಮೇಕ್ ಇನ್‌ಸ್ಟಾಲ್" ಫೈಲ್‌ಗಳನ್ನು ಜೋಡಿಸಿಡುವ ತಾತ್ಕಾಲಿಕ ಜಾಗ, ಅಂದರೆ ಡೆಸ್ಟ್‌ಡಿರ್ ತೋರಿಸುವ ಫೋಲ್ಡರ್. ಮೂರು, ಕೊನೆಗೆ ಸಿಗುವ ಪ್ಯಾಕೇಜ್ ಕಡತ. ಮೊದಲನೆಯದರಲ್ಲಿ ಪ್ರತಿಯೊಂದು ಫೈಲೂ ನಿಮ್ಮ ಹೆಸರಿಗೇ ಇರಬೇಕು. ಎರಡನೆಯದರಲ್ಲೂ ನಿಮ್ಮ ಹೆಸರಿಗೇ ಇದ್ದರೆ ತೊಂದರೆಯಿಲ್ಲ. ಮೂರನೆಯದರಲ್ಲಿ ಮಾತ್ರ ಎಲ್ಲವೂ 0:0 (ಯುಐಡಿ 0, ಜಿಐಡಿ 0, ಅಂದರೆ ರೂಟ್) ಆಗಿರಬೇಕು. ಬೇರೆ ಮಾಲೀಕರು ಬೇಕಾದ ಕಡೆ ಅದನ್ನು ಪ್ಯಾಕೇಜ್‌ನ ಸೂಚನಾ ಫೈಲ್‌ನಲ್ಲಿ ಬರೆದು ಹೇಳಬೇಕು. ಮೂರನೆಯ ಜಾಗದ ಕೆಲಸವನ್ನು ಮೊದಲ ಎರಡು ಜಾಗಗಳಲ್ಲಿ ಮಾಡಲು ಹೋದಾಗಲೇ ಬಹುಪಾಲು ಗೋಳು ಶುರು: ಬಿಲ್ಡ್ ಫೋಲ್ಡರ್‌ನಲ್ಲಿ ಸುಡೊ, ಮೇಕ್‌ಫೈಲ್‌ನಲ್ಲಿ (ಬಿಲ್ಡ್ ಹಂತಗಳನ್ನು ಬರೆದ ಫೈಲ್) ಚೌನ್ (ಮಾಲೀಕರನ್ನು ಬದಲಿಸುವ ಕಮಾಂಡ್).

ದೋಷದ ಸಂದೇಶ ಸರಿಯಾಗಿ ಓದಿ

ಕೆಂಪು ಅಕ್ಷರ ಕಂಡ ಕೂಡಲೇ ಸುಡೊ ಹಚ್ಚುವವರೇ ಹೆಚ್ಚು. ಒಂದು ನಿಮಿಷ ನಿಂತು ಸಂದೇಶದ ಕೊನೆಯ ಮೂರು ಪದ ಓದಿದರೆ ಅರ್ಧ ಕೆಲಸ ಮುಗಿಯುತ್ತದೆ.

"ಪರ್ಮಿಷನ್ ಡಿನೈಡ್" ಎಂದರೆ ಫೈಲನ್ನೋ ಫೋಲ್ಡರನ್ನೋ ಮುಟ್ಟುವ ಹಕ್ಕು ನಿಮಗಿಲ್ಲ. ಬಿಲ್ಡ್ ನಡುವೆ ಇದು ಬಂದರೆ ಹಿಂದೆ ಯಾವಾಗಲೋ ರೂಟ್ ಆಗಿ ಕಟ್ಟಿದ ಕುರುಹು.

"ಆಪರೇಷನ್ ನಾಟ್ ಪರ್ಮಿಟೆಡ್" ಬೇರೆ ಕಥೆ. ಫೈಲ್ ನಿಮ್ಮದೇ ಆಗಿರಬಹುದು, ಆದರೂ ಮಾಲೀಕರನ್ನು ಬದಲಿಸಲು ಕರ್ನಲ್ ಬಿಡುತ್ತಿಲ್ಲ. ಲಿನಕ್ಸ್‌ನಲ್ಲಿ ಸಾಮಾನ್ಯ ಬಳಕೆದಾರರು ತಮ್ಮ ಫೈಲನ್ನು ಬೇರೆಯವರ ಹೆಸರಿಗೆ ಬರೆದುಕೊಡುವಂತಿಲ್ಲ. ತಾವು ಸೇರಿರುವ ಗುಂಪಿಗೆ ಬದಲಿಸಬಹುದು, ಅಷ್ಟೇ. ಈ ಸಂದೇಶ ಬಂದರೆ ಎಲ್ಲೋ ಚೌನ್ ಓಡುತ್ತಿದೆ ಎಂದೇ ಅರ್ಥ. ಅದನ್ನು ಹುಡುಕಿ.

"ಇನ್‌ವ್ಯಾಲಿಡ್ ಆರ್ಗ್ಯುಮೆಂಟ್" ಚೌನ್‌ನಿಂದ ಬಂದರೆ ನೀವು ಕಂಟೇನರ್ (ಪ್ರತ್ಯೇಕ ಪೆಟ್ಟಿಗೆಯಂತೆ ಓಡುವ ವ್ಯವಸ್ಥೆ) ಒಳಗೋ ಯೂಸರ್ ನೇಮ್‌ಸ್ಪೇಸ್ (ತನ್ನದೇ ಯುಐಡಿ ಲೆಕ್ಕ ಇರುವ ಆವರಣ) ಒಳಗೋ ಇದ್ದೀರಿ ಅಂತಲೇ ಲೆಕ್ಕ. ಕೇಳಿದ ಯುಐಡಿಗೆ ಆ ಜಾಗದಲ್ಲಿ ಹೊರಗಿನ ಯಾವ ನಂಬರ್ ಜೊತೆಗೂ ಜೋಡಣೆಯೇ ಇಲ್ಲ. ಅಲ್ಲಿ ಒಳಗಿನ ರೂಟ್ ಆಗಿದ್ದೂ ಪ್ರಯೋಜನವಿಲ್ಲ. ಈ ಮೂರನ್ನೂ ಒಂದೇ ಮದ್ದಿನಿಂದ ಗುಣಪಡಿಸಲು ಆಗುವುದಿಲ್ಲ.

ಸುಡೊ ಬಿಟ್ಟುಹೋದ ಕಸ

ಯಾರೋ ಒಮ್ಮೆ "ಸುಡೊ ಮೇಕ್ ಇನ್‌ಸ್ಟಾಲ್" ಹೊಡೆದಿರುತ್ತಾರೆ. ಇನ್‌ಸ್ಟಾಲ್ ಗುರಿ ಬಿಲ್ಡ್ ಗುರಿಯನ್ನು ಅವಲಂಬಿಸಿರುವುದರಿಂದ, ಹಳತಾಗಿದ್ದ ನಾಲ್ಕಾರು ಆಬ್ಜೆಕ್ಟ್ ಫೈಲ್‌ಗಳು (ಕಂಪೈಲ್ ಆದ ತುಣುಕುಗಳು) ಆ ಹೊತ್ತಿನಲ್ಲಿ ರೂಟ್ ಹೆಸರಿನಲ್ಲಿ ಮತ್ತೆ ಹುಟ್ಟುತ್ತವೆ. ಮರುದಿನ ಸಾಮಾನ್ಯ "ಮೇಕ್" ಅಲ್ಲಿಗೆ ಬಂದು ಮುಗ್ಗರಿಸುತ್ತದೆ. "ಮೇಕ್ ಕ್ಲೀನ್" ಅರ್ಧ ಕೆಲಸ ಮಾಡಿ ನಿಲ್ಲುವುದಕ್ಕೂ ಇದೇ ಕಾರಣ. ನಿಮ್ಮ ಫೋಲ್ಡರ್ ಒಳಗಿರುವ ರೂಟ್‌ನ ಫೈಲನ್ನು ನೀವು ಅಳಿಸಬಹುದು, ಏಕೆಂದರೆ ಅಳಿಸುವ ಹಕ್ಕು ಫೋಲ್ಡರ್‌ಗೆ ಸೇರಿದ್ದು. ಆದರೆ ರೂಟ್ ಸೃಷ್ಟಿಸಿದ ಉಪಫೋಲ್ಡರ್ ಒಳಗೆ ಫೈಲ್ ಇದ್ದರೆ ಅದನ್ನು ತೆಗೆಯಲಾಗದು.

ಮೊದಲು ಕಸ ಎಲ್ಲಿದೆ ನೋಡಿ. ಸೋರ್ಸ್ ಫೋಲ್ಡರ್‌ನಲ್ಲಿ ನಿಂತು:

ಫೈಂಡ್ . ! -ಯೂಸರ್ "$(ಐಡಿ -ಯುಎನ್)" -ಎಲ್‌ಎಸ್

ಪಟ್ಟಿ ಚಿಕ್ಕದಿದ್ದು ಎಲ್ಲವೂ ಬಿಲ್ಡ್ ಫೋಲ್ಡರ್ ಒಳಗೇ ಇದ್ದರೆ ಅದನ್ನು ಸುಡೊದಿಂದ ಅಳಿಸಿ ಹೊಸದಾಗಿ ಕಟ್ಟುವುದೇ ಒಳ್ಳೆಯದು. ಸೋರ್ಸ್ ಫೈಲ್‌ಗಳೂ ಸೇರಿಕೊಂಡಿದ್ದರೆ "ಸುಡೊ ಚೌನ್ -ಆರ್ $(ಐಡಿ -ಯು):$(ಐಡಿ -ಜಿ) ." ಕೊಡಿ. ಚುಕ್ಕೆಯ ಹಿಂದೆ ಓರೆಗೆರೆ ಬಿದ್ದಿಲ್ಲ ಎಂದು ಎರಡು ಸಲ ನೋಡಿ.

ಕಸ ಸೋರ್ಸ್ ಫೋಲ್ಡರ್‌ನಲ್ಲಷ್ಟೇ ಇರುವುದಿಲ್ಲ. ಸುಡೊ ಹೋಮ್ ಫೋಲ್ಡರ್‌ನ ದಾರಿ ಬದಲಿಸದೆ ಬಿಟ್ಟಿದ್ದರೆ ಪಿಪ್, ಎನ್‌ಪಿಎಂ, ಸಿಕ್ಯಾಶ್‌ನಂಥ ಸಾಧನಗಳು ನಿಮ್ಮ ಕ್ಯಾಶ್ ಫೋಲ್ಡರ್‌ನಲ್ಲಿ (ಮರುಬಳಕೆಗೆ ಉಳಿಸಿದ ಫೈಲ್‌ಗಳ ಜಾಗ) ರೂಟ್‌ನ ಫೈಲ್ ಬಿಟ್ಟಿರಬಹುದು. ಪಿಪ್ ಎಚ್ಚರಿಕೆ ಕೊಟ್ಟು ಕ್ಯಾಶ್ ಇಲ್ಲದೆ ಮುಂದುವರಿಯುತ್ತದೆ, ಹಾಗಾಗಿ ಬಿಲ್ಡ್ ನಿಧಾನವಾದದ್ದು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ.

ಗಿಟ್ (ಸೋರ್ಸ್‌ನ ಆವೃತ್ತಿಗಳನ್ನು ಕಾಯುವ ಸಾಧನ) ಕೂಡ ಮಾಲೀಕತ್ವ ನೋಡುತ್ತದೆ. 2022ರ ಏಪ್ರಿಲ್‌ನಲ್ಲಿ ಬಂದ 2.35.2 ಆವೃತ್ತಿಯಿಂದ, ರೆಪೊ ಫೋಲ್ಡರ್ ಬೇರೆ ಬಳಕೆದಾರರ ಹೆಸರಿಗಿದ್ದರೆ ನಿಂತುಬಿಡುತ್ತದೆ; ಈಗಿನ ಆವೃತ್ತಿಗಳಲ್ಲಿ ಸಂದೇಶ "ಡಿಟೆಕ್ಟೆಡ್ ಡ್ಯೂಬಿಯಸ್ ಓನರ್‌ಶಿಪ್" ಎಂದಿರುತ್ತದೆ. ಆವೃತ್ತಿ ಸಂಖ್ಯೆಗಾಗಿ "ಗಿಟ್ ಡಿಸ್ಕ್ರೈಬ್" ಕರೆಯುವ ಮೇಕ್‌ಫೈಲ್ ಆಗ ಖಾಲಿ ಆವೃತ್ತಿಯ ಪ್ಯಾಕೇಜ್ ಕಟ್ಟಿಬಿಡಬಹುದು. ಗೋ ಭಾಷೆಯ 1.18 ಮತ್ತು ನಂತರದ ಬಿಲ್ಡ್‌ನಲ್ಲಿ ಇದೇ ರೋಗ "ಎರರ್ ಅಬ್ಟೇನಿಂಗ್ ವಿಸಿಎಸ್ ಸ್ಟೇಟಸ್: ಎಕ್ಸಿಟ್ ಸ್ಟೇಟಸ್ 128" ಎಂಬ ವೇಷದಲ್ಲಿ ಬರುತ್ತದೆ. ಬಿಲ್ಡ್‌ವಿಸಿಎಸ್ (ಆವೃತ್ತಿ ಮಾಹಿತಿ ಅಂಟಿಸುವ ಆಯ್ಕೆ) ಆಫ್ ಮಾಡಿ ಎಂದು ಅದೇ ಸಲಹೆ ಕೊಟ್ಟರೂ, ಫೋಲ್ಡರ್‌ನ ಮಾಲೀಕರನ್ನು ಸರಿಮಾಡುವುದೇ ನಿಜವಾದ ಪರಿಹಾರ. ಕಂಟೇನರ್‌ನಲ್ಲಿ ಅದು ಸಾಧ್ಯವಿಲ್ಲದಾಗ ಮಾತ್ರ ಗಿಟ್‌ನ ಸೇಫ್ ಡೈರೆಕ್ಟರಿ ಪಟ್ಟಿಗೆ ಆ ಒಂದು ದಾರಿಯನ್ನು ಸೇರಿಸಿ. ನಕ್ಷತ್ರ ಚಿಹ್ನೆ ಹಾಕಿ ಎಲ್ಲಕ್ಕೂ ಬಾಗಿಲು ತೆರೆಯಬೇಡಿ.

ಮೇಕ್‌ಫೈಲ್ ಒಳಗಿನ "-ಓ ರೂಟ್"

ಹಳೆಯ ಪ್ರಾಜೆಕ್ಟ್‌ಗಳ ಇನ್‌ಸ್ಟಾಲ್ ಸಾಲು ಹೀಗಿರುತ್ತದೆ: "ಇನ್‌ಸ್ಟಾಲ್ -ಓ ರೂಟ್ -ಜಿ ರೂಟ್ -ಎಂ 0755 ಹೂಜಿ $(ಡೆಸ್ಟ್‌ಡಿರ್)/ಯುಎಸ್‌ಆರ್/ಬಿನ್/ಹೂಜಿ". (ಹೂಜಿ ಎಂಬುದು ಉದಾಹರಣೆಗೆ ಇಟ್ಟುಕೊಂಡ ಒಂದು ಪುಟ್ಟ ಸರ್ವರ್ ಪ್ರೋಗ್ರಾಂ.) ಸಾಮಾನ್ಯ ಬಳಕೆದಾರರಾಗಿ ಓಡಿಸಿದರೆ "ಕೆನಾಟ್ ಚೇಂಜ್ ಓನರ್‌ಶಿಪ್" ಎಂದು ಬೀಳುತ್ತದೆ. ಓ (ಮಾಲೀಕರು), ಜಿ (ಗುಂಪು) ಎರಡನ್ನೂ ಕಿತ್ತುಹಾಕಿ, ಎಂ (ಹಕ್ಕುಗಳು) ಉಳಿಸಿ. ನಿಜವಾಗಿ ರೂಟ್ ಆಗಿ ನೇರ ಇನ್‌ಸ್ಟಾಲ್ ಮಾಡುವವರಿಗೂ ಅವು ಬೇಕಿಲ್ಲ. ರೂಟ್ ಬರೆದ ಫೈಲ್ ಹೇಗೂ ರೂಟ್‌ನದೇ. ಇಂಥ ಪ್ಯಾಚನ್ನು ಮೂಲ ಪ್ರಾಜೆಕ್ಟ್‌ಗೂ ಕಳಿಸಿ, ಇಲ್ಲದಿದ್ದರೆ ಪ್ರತಿ ಆವೃತ್ತಿಗೂ ನೀವೇ ಹೊರಬೇಕು.

ಲಿನಕ್ಸ್ ಹೊರಗೆ ಇನ್ನೊಂದು ತಮಾಷೆ. ಫ್ರೀಬಿಎಸ್‌ಡಿ ಮತ್ತು ಮ್ಯಾಕ್‌ಓಎಸ್‌ನಲ್ಲಿ "ರೂಟ್" ಎಂಬ ಗುಂಪೇ ಇಲ್ಲ. ಜಿಐಡಿ 0 ಅಲ್ಲಿ "ವೀಲ್". "ಚೌನ್ ರೂಟ್:ರೂಟ್" ಎಂದರೆ "ಇಲ್ಲೀಗಲ್ ಗ್ರೂಪ್ ನೇಮ್" ಅನ್ನುತ್ತದೆ. ಎಲ್ಲ ಕಡೆ ಓಡಬೇಕಾದ ಸ್ಕ್ರಿಪ್ಟ್‌ನಲ್ಲಿ 0:0 ಎಂದೇ ಬರೆಯಿರಿ.

ಫೈಲ್ ನಕಲಿಸುವ "ಸಿಪಿ -ಎ" ಮೇಲೂ ಕಣ್ಣಿಡಿ. ಸಾಮಾನ್ಯ ಬಳಕೆದಾರರಾಗಿದ್ದಾಗ ಅದು ಮಾಲೀಕತ್ವ ಕಾಪಾಡಲಾಗದೆ ಸದ್ದಿಲ್ಲದೆ ಮುಂದೆ ಹೋಗುತ್ತದೆ, ರೂಟ್ ಆಗಿದ್ದಾಗ ನಿಮ್ಮ 1000 ಅನ್ನು ಹಾಗೇ ಹೊತ್ತು ಸಾಗಿಸುತ್ತದೆ. ಯೋಕ್ಟೊದಲ್ಲಿ (ಪುಟ್ಟ ಸಾಧನಗಳಿಗೆ ಲಿನಕ್ಸ್ ಕಟ್ಟುವ ವ್ಯವಸ್ಥೆ) ಕೆಲಸ ಮಾಡುವವರು ಕಾಣುವ "ಹೋಸ್ಟ್-ಯೂಸರ್-ಕಂಟ್ಯಾಮಿನೇಟೆಡ್" ಎಚ್ಚರಿಕೆಯ ಮೂಲ ಬಹುತೇಕ ಇದೇ. ಬದಲಿಗೆ "ಸಿಪಿ -ಆರ್ --ನೋ-ಪ್ರಿಸರ್ವ್=ಓನರ್‌ಶಿಪ್" ಬಳಸಿ. ಆರ್‌ಸಿಂಕ್ ಆದರೆ "-ಎ" ಜೊತೆಗೆ "--ನೋ-ಓನರ್ --ನೋ-ಗ್ರೂಪ್".

ಫೇಕ್‌ರೂಟ್ ಹೇಗೆ ನಟಿಸುತ್ತದೆ

ಸಾಮಾನ್ಯ ಬಳಕೆದಾರರಾಗಿದ್ದುಕೊಂಡೇ ರೂಟ್ ಹೆಸರಿನ ಟಾರ್ ಮಾಡಲು ಹುಟ್ಟಿದ ಉಪಾಯ ಫೇಕ್‌ರೂಟ್. ಇದು ಎಲ್‌ಡಿ ಪ್ರೀಲೋಡ್ (ಪ್ರೋಗ್ರಾಂ ಶುರುವಾಗುವಾಗ ಬೇರೆ ಲೈಬ್ರರಿ ಸೇರಿಸುವ ವ್ಯವಸ್ಥೆ) ಮೂಲಕ ಪ್ರೋಗ್ರಾಂ ಮತ್ತು ಸಿ ಲೈಬ್ರರಿಯ ನಡುವೆ ನುಸುಳಿ ಚೌನ್, ಚ್‌ಮಾಡ್ (ಹಕ್ಕು ಬದಲಿಸುವುದು), ಸ್ಟ್ಯಾಟ್ (ಫೈಲ್ ವಿವರ ಕೇಳುವುದು), ಎಂಕೆನಾಡ್ (ಸಾಧನದ ಫೈಲ್ ಸೃಷ್ಟಿಸುವುದು) ಕರೆಗಳನ್ನು ಹಿಡಿಯುತ್ತದೆ. ಚೌನ್ ಕರೆ ಬಂದರೆ ಡಿಸ್ಕ್ ಮೇಲೆ ಏನೂ ಬದಲಿಸದೆ, ಹಿನ್ನೆಲೆಯಲ್ಲಿ ಓಡುವ "ಫೇಕ್ಡ್" ಎಂಬ ಪ್ರೋಗ್ರಾಂಗೆ "ಈ ಇನೋಡ್‌ನ ಮಾಲೀಕರು ಇಂಥವರು" ಎಂದು ಬರೆಸುತ್ತದೆ. ಆಮೇಲೆ ಟಾರ್ ಬಂದು ಕೇಳಿದಾಗ ಆ ಸುಳ್ಳನ್ನೇ ಒಪ್ಪಿಸುತ್ತದೆ. ಪಟ್ಟಿಯಲ್ಲಿಲ್ಲದ ನಿಮ್ಮ ಫೈಲ್‌ಗಳೆಲ್ಲ ರೂಟ್‌ನವು ಎಂದು ತೋರಿಸುತ್ತದೆ.

ಈ ನಟನೆ ಹೇಗೆ ನಡೆಯುತ್ತದೆಂದು ಗೊತ್ತಿದ್ದರೆ ಅದು ಎಲ್ಲಿ ಕೆಡುತ್ತದೆ ಎಂಬುದೂ ತಾನಾಗಿ ತಿಳಿಯುತ್ತದೆ.

ಫೇಕ್‌ರೂಟ್‌ನ ಒಂದು ಓಟ ಮುಗಿದರೆ ಅದರ ನೆನಪೂ ಮುಗಿಯಿತು. "ಫೇಕ್‌ರೂಟ್ ಮೇಕ್ ಇನ್‌ಸ್ಟಾಲ್" ಒಂದು ಸಾಲು, "ಫೇಕ್‌ರೂಟ್ ಟಾರ್" ಇನ್ನೊಂದು ಸಾಲು ಎಂದು ಬರೆದರೆ ಮೊದಲನೆಯದರಲ್ಲಿ ಹೂಜಿ ಬಳಕೆದಾರರಿಗೆ ಮಾಡಿದ ಚೌನ್ ಎರಡನೆಯದಕ್ಕೆ ಗೊತ್ತೇ ಇರುವುದಿಲ್ಲ. ಎಲ್ಲವೂ ರೂಟ್ ಆಗಿ ಹೊರಬರುತ್ತದೆ. ದೋಷ ಸಂದೇಶ ಒಂದೂ ಇಲ್ಲ. ಎರಡನ್ನೂ ಒಂದೇ ಶೆಲ್ ಸ್ಕ್ರಿಪ್ಟ್‌ನಲ್ಲಿ ಹಾಕಿ ಅದನ್ನು ಒಂದೇ ಸಲ ಫೇಕ್‌ರೂಟ್ ಅಡಿ ಓಡಿಸಿ. ಬೇರೆ ಬೇರೆಯಾಗಿಯೇ ಓಡಿಸಬೇಕೆಂದಿದ್ದರೆ ಮೊದಲ ಸಲ "-ಎಸ್ ಸ್ಥಿತಿಫೈಲ್" ಕೊಟ್ಟು ಉಳಿಸಿ, ಮುಂದಿನ ಸಲ "-ಐ ಸ್ಥಿತಿಫೈಲ್" ಕೊಟ್ಟು ಓದಿಸಿ. ನಡುವೆ ಫೇಕ್‌ರೂಟ್ ಹೊರಗೆ ಫೈಲ್ ಅಳಿಸಿ ಹೊಸದು ಸೃಷ್ಟಿಸಿದರೆ ಅದೇ ಇನೋಡ್ ನಂಬರ್ ಮತ್ತೆ ಬಳಕೆಯಾಗಿ ತಪ್ಪು ಫೈಲ್‌ಗೆ ತಪ್ಪು ಮಾಲೀಕರು ಅಂಟಬಹುದು.

ಸ್ಟ್ಯಾಟಿಕ್ ಆಗಿ ಲಿಂಕ್ ಆದ (ಲೈಬ್ರರಿಯನ್ನು ತನ್ನೊಳಗೇ ಹೊಂದಿದ) ಪ್ರೋಗ್ರಾಂಗೆ ಫೇಕ್‌ರೂಟ್ ಕಾಣುವುದೇ ಇಲ್ಲ. ಗೋದಲ್ಲಿ ಬರೆದ ಸಾಧನಗಳು ಸಾಮಾನ್ಯವಾಗಿ ಸಿ ಲೈಬ್ರರಿಯನ್ನು ದಾಟಿ ನೇರ ಕರ್ನಲ್‌ಗೇ ಹೋಗುತ್ತವೆ. ಫೇಕ್‌ರೂಟ್ ಒಳಗೆ ಶೆಲ್‌ನ ಚೌನ್ ಓಡುತ್ತದೆ, ಆದರೆ ಆ ಸಾಧನದ ಚೌನ್ ಮಾತ್ರ "ಆಪರೇಷನ್ ನಾಟ್ ಪರ್ಮಿಟೆಡ್" ಎನ್ನುತ್ತಿದ್ದರೆ ಅನುಮಾನ ಇಲ್ಲೇ ಇರಲಿ. ಫೇಕ್‌ರೂಟ್ ಒಳಗೆ ಸುಡೊ ಕರೆಯುವುದಂತೂ ಬೇಡವೇ ಬೇಡ. ಸುಡೊದಂಥ ಸೆಟ್‌ಯುಐಡಿ ಪ್ರೋಗ್ರಾಂಗೆ (ಯಾರು ಓಡಿಸಿದರೂ ಫೈಲ್‌ನ ಮಾಲೀಕರ ಅಧಿಕಾರದಲ್ಲಿ ಓಡುವಂಥದ್ದು) ಪ್ರೀಲೋಡ್ ಹತ್ತುವುದಿಲ್ಲ. ಒಳಗಿನ ಕೆಲಸ ನಿಜವಾದ ರೂಟ್ ಆಗಿ ನಡೆದು ನಾಟಕದ ರಂಗದ ಮೇಲೆ ನಿಜವಾದ ಕತ್ತಿ ಬಂದಂತಾಗುತ್ತದೆ.

ಡೆಬ್

ಡೆಬ್ (ಡೆಬಿಯನ್‌ನ ಪ್ಯಾಕೇಜ್) ಎಂದರೆ ಏಆರ್ ಎಂಬ ಬಗೆಯ ಒಂದು ಕಡತ; ಒಳಗೆ ಆವೃತ್ತಿ 2.0 ಎಂದು ಹೇಳುವ ಪುಟ್ಟ ಫೈಲ್, ಕಂಟ್ರೋಲ್ ಟಾರ್, ಡೇಟಾ ಟಾರ್. ಮಾಲೀಕತ್ವ ಇರುವುದು ಡೇಟಾ ಟಾರ್‌ನಲ್ಲಿ. ಕೈಯಿಂದ ಫೋಲ್ಡರ್ ಜೋಡಿಸಿ "ಡಿಪಿಕೆಜಿ-ಡೆಬ್ --ಬಿಲ್ಡ್" ಹೊಡೆಯುವವರಿಗೆ 1000 ಸೋರುವುದು ಸಹಜ. ಡಿಪಿಕೆಜಿಯ 1.19.0 ಆವೃತ್ತಿಯಿಂದ "--ರೂಟ್-ಓನರ್-ಗ್ರೂಪ್" ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ಫೇಕ್‌ರೂಟ್ ಇಲ್ಲದೆಯೇ ಎಲ್ಲ 0:0.

ಡೆಬ್‌ಹೆಲ್ಪರ್ (ಡೆಬ್ ಕಟ್ಟಲು ನೆರವಾಗುವ ಸಾಧನಗಳು) ಬಳಸುವವರಿಗೆ ಇದೇ ಉಪಾಯ ಕಂಟ್ರೋಲ್ ಫೈಲ್‌ನ "ರೂಲ್ಸ್-ರಿಕ್ವೈರ್ಸ್-ರೂಟ್: ನೋ" ಎಂಬ ಸಾಲಿನ ಮೂಲಕ ಸಿಗುತ್ತದೆ. ಈ ಸಾಲು ಸೇರಿಸಿದ ದಿನವೇ ಬಿಲ್ಡ್ ಬಿದ್ದರೆ ಹೆದರಬೇಡಿ. ಇಷ್ಟು ದಿನ ಫೇಕ್‌ರೂಟ್ ಮುಚ್ಚಿಟ್ಟಿದ್ದ ಚೌನ್ ಒಂದು ರೂಲ್ಸ್ ಫೈಲ್‌ನಲ್ಲೋ ಮೇಕ್‌ಫೈಲ್‌ನಲ್ಲೋ ಈಗ ಬಯಲಿಗೆ ಬಂದಿದೆ. ಅದನ್ನು ತೆಗೆದರೆ ಸಾಕು. ಪ್ಯಾಕೇಜ್ ಒಳಗೇ ಬೇರೆ ಗುಂಪು ಬೇಕಾದ ಅಪರೂಪದ ಸಂದರ್ಭದಲ್ಲಿ, ಉದಾಹರಣೆಗೆ ಡೆಬಿಯನ್‌ನ ಗೇಮ್ಸ್ ಗುಂಪು (ಜಿಐಡಿ 60), ಅದೇ ಸಾಲಿನಲ್ಲಿ "ನೋ" ಬದಲು "ಬೈನರಿ-ಟಾರ್ಗೆಟ್ಸ್" ಎಂದು ಬರೆಯಿರಿ.

ಡೆಬ್ ತಪಾಸಣೆ ಮಾಡುವ ಲಿಂಟಿಯನ್ "ರಾಂಗ್-ಫೈಲ್-ಓನರ್-ಯುಐಡಿ-ಆರ್-ಜಿಐಡಿ" ಎಂದು ಕೂಗಿದರೆ ನಂಬರ್ ನೋಡಿ. ಡೆಬ್ ಒಳಗೆ 0ರಿಂದ 99, 60000ರಿಂದ 64999, ಮತ್ತು 65534 ಮಾತ್ರ ಸಲ್ಲುತ್ತವೆ. 100ರಿಂದ 999ರವರೆಗಿನವು ಪ್ರತಿ ಮೆಷಿನ್‌ನಲ್ಲೂ ಇನ್‌ಸ್ಟಾಲ್ ಆದ ಕ್ರಮದಲ್ಲಿ ಹಂಚಿಕೆಯಾಗುವುದರಿಂದ ಅವನ್ನು ಹೊತ್ತೊಯ್ಯುವುದಕ್ಕೆ ಅರ್ಥವೇ ಇಲ್ಲ. ನಿಮ್ಮ ಮೆಷಿನ್‌ನಲ್ಲಿ ಹೂಜಿ ಎಂಬ ಬಳಕೆದಾರರ ನಂಬರ್ 113 ಆಗಿದ್ದರೆ ಇನ್ನೊಂದರಲ್ಲಿ 113 ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್‌ನದಾಗಿರಬಹುದು.

ಆರ್‌ಪಿಎಂ

ಇಲ್ಲಿ ಲೆಕ್ಕ ತಿರುಗುಮುರುಗು. ಆರ್‌ಪಿಎಂ (ಫೆಡೋರಾದಂಥವುಗಳ ಪ್ಯಾಕೇಜ್) ತನ್ನ ಹೆಡರ್‌ನಲ್ಲಿ ಹೆಸರನ್ನು ಇಟ್ಟುಕೊಳ್ಳುತ್ತದೆ, ನಂಬರನ್ನಲ್ಲ. ಸ್ಪೆಕ್‌ನ (ಆರ್‌ಪಿಎಂ ಕಟ್ಟುವ ಸೂಚನಾ ಫೈಲ್) ಫೈಲ್ಸ್ ವಿಭಾಗದಲ್ಲಿ ಏನೂ ಬರೆಯದಿದ್ದರೆ ರೂಟ್:ರೂಟ್ ಎಂದೇ ಹಿಡಿಯುತ್ತದೆ. ಹಳೆಯ ಸ್ಪೆಕ್‌ಗಳಲ್ಲಿ ಕಾಣುವ "%ಡೆಫ್‌ಆಟ್ಟರ್(-,ರೂಟ್,ರೂಟ್,-)" ಸಾಲು 4.4 ಆವೃತ್ತಿಯಿಂದಲೇ ಅನವಶ್ಯಕ. ಅಪಾಯ ಇರುವುದು ಆ ಸಾಲಿನಲ್ಲಿ ರೂಟ್ ಬದಲು ಅಡ್ಡಗೆರೆ ಹಾಕಿದವರಿಗೆ. ಆಗ ಡಿಸ್ಕ್ ಮೇಲಿನ ಹೆಸರೇ ಒಳಸೇರುತ್ತದೆ.

ಇನ್‌ಸ್ಟಾಲ್ ಹೊತ್ತಿನಲ್ಲಿ ಆ ಹೆಸರು ಸಿಗದಿದ್ದರೆ "ಯೂಸರ್ ಹೂಜಿ ಡಸ್ ನಾಟ್ ಎಕ್ಸಿಸ್ಟ್ - ಯೂಸಿಂಗ್ ರೂಟ್" ಎಂಬ ಎಚ್ಚರಿಕೆ ಬರುತ್ತದೆ, ಇನ್‌ಸ್ಟಾಲ್ ಮುಂದುವರಿಯುತ್ತದೆ, ಸರ್ವೀಸ್ ಮಾತ್ರ ಏಳುವುದಿಲ್ಲ. ಬಳಕೆದಾರರನ್ನು ಸೃಷ್ಟಿಸುವ ಸ್ಕ್ರಿಪ್ಟ್ ಪೋಸ್ಟ್ ಭಾಗದಲ್ಲಿದೆ ಎಂದು ಸಾಮಾನ್ಯವಾಗಿ ಇದರರ್ಥ. ಅದು ಪ್ರೀ ಭಾಗಕ್ಕೆ ಬರಬೇಕು, ಏಕೆಂದರೆ ಫೈಲ್‌ಗಳು ಬಿಚ್ಚಿಕೊಳ್ಳುವುದು ಪ್ರೀ ಮತ್ತು ಪೋಸ್ಟ್ ನಡುವೆ. ಆರ್‌ಪಿಎಂ 4.19ರಿಂದ ಮುಂದೆ ಸಿಸ್‌ಯೂಸರ್ಸ್ ಫೈಲನ್ನು (ಬೇಕಾದ ಬಳಕೆದಾರರ ಪಟ್ಟಿ) ಪ್ಯಾಕೇಜ್ ಜೊತೆಗಿಟ್ಟರೆ ಬಳಕೆದಾರರನ್ನು ಅದೇ ಸೃಷ್ಟಿಸಿಕೊಳ್ಳುತ್ತದೆ.

ಸೋರ್ಸ್ ಆರ್‌ಪಿಎಂ ಹಾಕುವಾಗ "ಯೂಸರ್ ಮಾಕ್‌ಬಿಲ್ಡ್ ಡಸ್ ನಾಟ್ ಎಕ್ಸಿಸ್ಟ್" ಎಂದು ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಅದು ಸೋರ್ಸ್ ಕಟ್ಟಿದ ಖಾತೆಯ ಹೆಸರು, ಹಾನಿಯಿಲ್ಲ.

ಆರ್ಚ್‌ನ ಮೇಕ್‌ಪಿಕೆಜಿ ರೂಟ್ ಆಗಿ ಓಡಲು ಒಪ್ಪುವುದೇ ಇಲ್ಲ, ಪ್ಯಾಕೇಜ್ ಹಂತವನ್ನು ತಾನೇ ಫೇಕ್‌ರೂಟ್ ಅಡಿ ನಡೆಸುತ್ತದೆ. ಮ್ಯಾಕ್‌ಓಎಸ್‌ನ ಪಿಕೆಜಿಬಿಲ್ಡ್‌ಗೆ "--ಓನರ್‌ಶಿಪ್ ರೆಕಮೆಂಡೆಡ್" ಎಂಬುದೇ ಪೂರ್ವನಿಯೋಜಿತ. ಇವೆರಡರಲ್ಲಿ ಕೈಯಾಡಿಸದಿದ್ದರೆ ಸಾಕು.

ಸರ್ವೀಸ್‌ಗೆ ತನ್ನದೇ ಫೋಲ್ಡರ್ ಬೇಕಾದಾಗ

ಹೂಜಿಗೆ /ವಾರ್/ಲಿಬ್/ಹೂಜಿ ಎಂಬ ಫೋಲ್ಡರ್ ಬೇಕು, ಅದು ಹೂಜಿ ಬಳಕೆದಾರರದ್ದಾಗಿರಬೇಕು. ಸಿಸ್ಟಂಡಿ (ಸರ್ವೀಸ್‌ಗಳನ್ನು ಓಡಿಸುವ ವ್ಯವಸ್ಥೆ) ಇರುವ ಕಡೆ ನಮ್ಮ ಶಿಫಾರಸು ಒಂದೇ: ಯೂನಿಟ್ ಫೈಲ್‌ನಲ್ಲಿ "ಯೂಸರ್=ಹೂಜಿ" ಮತ್ತು "ಸ್ಟೇಟ್‌ಡೈರೆಕ್ಟರಿ=ಹೂಜಿ" ಬರೆಯಿರಿ. ಫೋಲ್ಡರ್ ಇಲ್ಲದಿದ್ದರೆ ಸೃಷ್ಟಿಸಿ ಮಾಲೀಕರನ್ನು ಹಚ್ಚುವ ಕೆಲಸ ಸಿಸ್ಟಂಡಿಯದ್ದು. ಪ್ಯಾಕೇಜ್‌ನಲ್ಲಿ ಆ ಫೋಲ್ಡರ್ ಇರುವುದೇ ಬೇಡ.

ಪೋಸ್ಟ್‌ಇನ್‌ಸ್ಟ್ (ಇನ್‌ಸ್ಟಾಲ್ ನಂತರ ಓಡುವ) ಸ್ಕ್ರಿಪ್ಟ್‌ನಲ್ಲೇ ಮಾಡಬೇಕಾಗಿ ಬಂದರೆ ಆ ಒಂದು ಫೋಲ್ಡರ್‌ಗೆ ಮಾತ್ರ ಚೌನ್ ಮಾಡಿ, "-ಆರ್" ಹಾಕಬೇಡಿ. ಪ್ರತಿ ಅಪ್‌ಗ್ರೇಡ್‌ಗೂ ರೂಟ್ ಬಂದು ಆ ಫೋಲ್ಡರ್‌ನ ಎಲ್ಲವನ್ನೂ ಹೂಜಿಗೆ ಬರೆದುಕೊಡುತ್ತದೆ ಎಂದು ಗೊತ್ತಾದರೆ, ಹೂಜಿ ಖಾತೆಗೆ ನುಗ್ಗಿದವರು ಪಾಸ್‌ವರ್ಡ್ ಫೈಲ್ ಆದ /ಇಟಿಸಿ/ಶ್ಯಾಡೋಗೆ ಒಂದು ಹಾರ್ಡ್‌ಲಿಂಕ್ (ಅದೇ ಫೈಲ್‌ಗೆ ಇನ್ನೊಂದು ಹೆಸರು) ಅಲ್ಲಿಟ್ಟು ಕಾಯಬಹುದು. ಈಗಿನ ಲಿನಕ್ಸ್‌ಗಳಲ್ಲಿ ಪ್ರೊಟೆಕ್ಟೆಡ್ ಹಾರ್ಡ್‌ಲಿಂಕ್ಸ್ ಎಂಬ ಕರ್ನಲ್ ಸೆಟ್ಟಿಂಗ್ ಇದನ್ನು ತಡೆಯುತ್ತದೆ. ಆದರೆ ಎಲ್ಲ ಯುನಿಕ್ಸ್‌ನಲ್ಲೂ ಆ ರಕ್ಷಣೆ ಇದೆ ಎಂದುಕೊಳ್ಳಬೇಡಿ.

ಕ್ರಮವೂ ಮುಖ್ಯ. ಲಿನಕ್ಸ್‌ನಲ್ಲಿ ಚೌನ್ ಮಾಡಿದ ಕೂಡಲೇ ಪ್ರೋಗ್ರಾಂನ ಸೆಟ್‌ಯುಐಡಿ ಗುರುತು ಅಳಿಸಿಹೋಗುತ್ತದೆ, ಸೆಟ್‌ಕ್ಯಾಪ್‌ನಿಂದ ಕೊಟ್ಟ ಕೇಪಬಿಲಿಟಿಯೂ (ರೂಟ್ ಅಧಿಕಾರದ ಒಂದು ತುಣುಕು) ಹೋಗುತ್ತದೆ. ಮೊದಲು ಚೌನ್, ಆಮೇಲೆ ಚ್‌ಮಾಡ್, ಕೊನೆಗೆ ಸೆಟ್‌ಕ್ಯಾಪ್. ಡೆಬ್ ಕಡತದಲ್ಲಿ ಕೇಪಬಿಲಿಟಿ ಸಾಗುವುದಿಲ್ಲ, ಪೋಸ್ಟ್‌ಇನ್‌ಸ್ಟ್‌ನಲ್ಲೇ ಕೊಡಬೇಕು. ಆರ್‌ಪಿಎಂನಲ್ಲಾದರೆ ಅದಕ್ಕೆ "%ಕ್ಯಾಪ್ಸ್" ಇದೆ.

ಕಂಟೇನರ್ ಒಳಗೆ ಕಟ್ಟುವವರಿಗೆ

ಡಾಕರ್‌ನಲ್ಲಿ (ಕಂಟೇನರ್ ಓಡಿಸುವ ಸಾಧನ) ಸೋರ್ಸ್ ಫೋಲ್ಡರನ್ನು ಮೌಂಟ್ ಮಾಡಿ ಕಟ್ಟಿದರೆ ಹೊರಬಂದ ಪ್ಯಾಕೇಜ್ ರೂಟ್ ಹೆಸರಿನಲ್ಲಿರುತ್ತದೆ. ಸಿಐ (ಬಿಲ್ಡನ್ನು ತಾನಾಗಿ ಓಡಿಸುವ ವ್ಯವಸ್ಥೆ) ಮುಂದಿನ ಸಲ ಫೋಲ್ಡರ್ ಒರೆಸಲು ಹೋಗಿ ಸೋಲುತ್ತದೆ. "ಡಾಕರ್ ರನ್" ಜೊತೆಗೆ "--ಯೂಸರ್ $(ಐಡಿ -ಯು):$(ಐಡಿ -ಜಿ)" ಕೊಡಿ. ಆ ನಂಬರ್‌ಗೆ ಕಂಟೇನರ್‌ನಲ್ಲಿ ಹೆಸರಿಲ್ಲದೆ ಪ್ರಾಂಪ್ಟ್‌ನಲ್ಲಿ "ಐ ಹ್ಯಾವ್ ನೋ ನೇಮ್!" ಕಾಣುವುದು ಸಾಮಾನ್ಯ, ಅದರಿಂದ ಕೆಡುಕಿಲ್ಲ. ಕೆಡುಕು ಹೋಮ್‌ನಿಂದ: ಅದು "/" ಆಗಿ ಬಿಲ್ಡ್ ಸಾಧನಗಳು ಕ್ಯಾಶ್ ಬರೆಯಲಾಗದೆ ಬೀಳುತ್ತವೆ. "-ಇ ಹೋಮ್=/ಟಿಎಂಪಿ" ಸೇರಿಸಿ.

ರೂಟ್‌ಲೆಸ್ (ರೂಟ್ ಅಧಿಕಾರ ಬೇಡದ) ಪಾಡ್‌ಮನ್ ಎಂಬ ಕಂಟೇನರ್ ಸಾಧನದಲ್ಲಿ ಹೊರಗೆ 100999 ಎಂಬ ವಿಚಿತ್ರ ಮಾಲೀಕರು ಕಂಡರೆ ಲೆಕ್ಕ ಹೀಗೆ. /ಇಟಿಸಿ/ಸಬ್‌ಯುಐಡಿಯಲ್ಲಿ ನಿಮಗೆ 100000ದಿಂದ 65536 ನಂಬರ್ ಕೊಟ್ಟಿದ್ದರೆ, ಒಳಗಿನ 0 ನೀವೇ, ಒಳಗಿನ 1 ಎಂದರೆ 100000, ಒಳಗಿನ 1000 ಎಂದರೆ 100999. ಅಳಿಸಲು ಸುಡೊ ಬೇಕಿಲ್ಲ, "ಪಾಡ್‌ಮನ್ ಅನ್‌ಶೇರ್ ಆರ್‌ಎಂ -ಆರ್‌ಎಫ್" ಸಾಕು. ಮುಂದೆ ಹೀಗಾಗದಿರಲು "--ಯೂಸರ್‌ಎನ್‌ಎಸ್=ಕೀಪ್-ಐಡಿ".

ಇಂಥ ಕಂಟೇನರ್ ಒಳಗೆ ರೂಟ್ ಆಗಿ ಯಾರದೋ ಸೋರ್ಸ್ ಟಾರ್ ಬಿಚ್ಚಿದಾಗ "ಕೆನಾಟ್ ಚೇಂಜ್ ಓನರ್‌ಶಿಪ್ ಟು ಯುಐಡಿ 197609 … ಇನ್‌ವ್ಯಾಲಿಡ್ ಆರ್ಗ್ಯುಮೆಂಟ್" ಎಂದು ಬಂದರೆ ಅದು ಕಡತ ಕಟ್ಟಿದವರ ಯುಐಡಿ. ನಿಮಗೆ ಕೊಟ್ಟ 65536ರ ಹೊರಗಿದೆ. "--ನೋ-ಸೇಮ್-ಓನರ್" ಹಾಕಿ ಬಿಚ್ಚಿ. ಬಿಲ್ಡ್ ಸ್ಕ್ರಿಪ್ಟ್ ಎಲ್ಲೋ ಒಳಗೆ ಟಾರ್ ಕರೆಯುತ್ತಿದ್ದು ತಿದ್ದಲು ಆಗದಿದ್ದರೆ "ಟಾರ್_ಆಪ್ಷನ್ಸ್" ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಅದನ್ನೇ ಇಡಿ.

ದೊಡ್ಡ ಯುಐಡಿ, ಬೇರೆ ಫೈಲ್‌ಸಿಸ್ಟಂ

ಕಂಪನಿಯ ಆಕ್ಟಿವ್ ಡೈರೆಕ್ಟರಿಯಿಂದ (ಖಾತೆಗಳ ಕೇಂದ್ರ ಪಟ್ಟಿ) ಲಾಗಿನ್ ಆಗುವವರಿಗೆ ನೂರು ಕೋಟಿ ದಾಟಿದ ಯುಐಡಿ ಸಿಗುವುದುಂಟು. ಹಳೆಯ ಯುಎಸ್‌ಟಾರ್ ವಿನ್ಯಾಸದಲ್ಲಿ ಯುಐಡಿಗೆ ಇರುವುದು 7 ಆಕ್ಟಲ್ (8ರ ಮೂಲದ) ಅಂಕಿ, ಅಂದರೆ ಗರಿಷ್ಠ 2097151. "ಮೇಕ್ ಡಿಸ್ಟ್" ಆಗ "ಔಟ್ ಆಫ್ ಯುಐಡಿ_ಟಿ ರೇಂಜ್ 0..2097151" ಎನ್ನುತ್ತದೆ. ಆಟೋಮೇಕ್‌ನಲ್ಲಿ "ಟಾರ್-ಯುಎಸ್‌ಟಾರ್" ಬದಲು "ಟಾರ್-ಪ್ಯಾಕ್ಸ್" ಆರಿಸಿ, ಅಥವಾ ಟಾರ್‌ಗೆ "--ಓನರ್=0 --ಗ್ರೂಪ್=0 --ನ್ಯೂಮರಿಕ್-ಓನರ್" ಕೊಡಿ. ಎರಡನೆಯದೇ ಮೇಲು, ಕಟ್ಟಿದವರ ಹೆಸರು, ನಂಬರ್ ಲೋಕಕ್ಕೆಲ್ಲ ಹಂಚುವುದೂ ತಪ್ಪುತ್ತದೆ.

ನೆಟ್‌ವರ್ಕ್ ಮೇಲಿನ ಎನ್‌ಎಫ್‌ಎಸ್ ಹೋಮ್ ಫೋಲ್ಡರ್‌ನಲ್ಲಿ ಸುಡೊ ಹಾಕಿದರೂ ಚೌನ್ ಆಗದಿದ್ದರೆ ಅದು ರೂಟ್ ಸ್ಕ್ವಾಶ್. ಸರ್ವರ್ ನಿಮ್ಮ ರೂಟ್ ಅನ್ನು ನೋಬಡಿ (ಹಕ್ಕಿಲ್ಲದ ಖಾತೆ) ಎಂದು ಕಾಣುತ್ತಿದೆ. ಅಡ್ಮಿನ್ ಹತ್ತಿರ ಅದನ್ನು ತೆಗೆಸುವ ಬದಲು ಬಿಲ್ಡನ್ನು /ವಾರ್/ಟಿಎಂಪಿಗೆ ಸಾಗಿಸಿ. ಪೆನ್‌ಡ್ರೈವ್‌ನ ಎಕ್ಸ್‌ಫ್ಯಾಟ್‌ಗೆ ಮಾಲೀಕತ್ವ ಎಂಬ ಪರಿಕಲ್ಪನೆಯೇ ಇಲ್ಲ. ವಿಂಡೋಸ್ ಒಳಗಿನ ಲಿನಕ್ಸ್ ಆದ ಡಬ್ಲ್ಯೂಎಸ್‌ಎಲ್‌ನ /ಎಂಎನ್‌ಟಿ/ಸಿ ಕೂಡ ಮೆಟಾಡೇಟಾ ಆಯ್ಕೆ ಕೊಡುವವರೆಗೆ ಹಾಗೇ.

ಆಗಲೇ ಇನ್‌ಸ್ಟಾಲ್ ಆಗಿಹೋಗಿದ್ದರೆ

ಅತಿ ಕೆಟ್ಟ ರೂಪ ಇದು: ರೂಟ್ ಆಗಿ "ಟಾರ್ -ಸಿ / -ಎಕ್ಸ್‌ಎಫ್ ಹೂಜಿ.ಟಾರ್.ಜಿಝಡ್". ಕಡತದಲ್ಲಿ "./" ಮತ್ತು "./ಯುಎಸ್‌ಆರ್/" ಎಂಬ ನಮೂದುಗಳು 1000 ಹೆಸರಿನಲ್ಲಿದ್ದವು. ಜಿಎನ್‌ಯು ಟಾರ್ ಈಗಾಗಲೇ ಇರುವ ಫೋಲ್ಡರ್‌ನ ಮಾಲೀಕರನ್ನೂ ಬದಲಿಸುತ್ತದೆ. ಮೂಲ ಫೋಲ್ಡರೇ 1000 ಪಾಲಾಯಿತು. ಲಕ್ಷಣಗಳು ಎಲ್ಲೋ ದೂರದಲ್ಲಿ ಕಾಣಿಸಿಕೊಳ್ಳುತ್ತವೆ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೀ ಇದ್ದಕ್ಕಿದ್ದಂತೆ ನಿರಾಕರಣೆಯಾಗಿ ಲಾಗ್‌ನಲ್ಲಿ "ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್" ಎಂದಿರುತ್ತದೆ; ಸಿಸ್ಟಂಡಿ-ಟಿಎಂಪಿಫೈಲ್ಸ್ "ಅನ್‌ಸೇಫ್ ಪಾತ್ ಟ್ರಾನ್ಸಿಷನ್" ಎಂದು ಗೊಣಗುತ್ತದೆ.

ತೆರೆದಿರುವ ರೂಟ್ ಶೆಲ್ ಮುಚ್ಚಬೇಡಿ. ಮೊದಲು ಇದನ್ನು ನೋಡಿ:

ಸ್ಟ್ಯಾಟ್ -ಸಿ '%ಯು:%ಜಿ %ಎ %ಎನ್' / /ಯುಎಸ್‌ಆರ್ /ಇಟಿಸಿ /ವಾರ್

0:0 ಮತ್ತು 755 (ಫೆಡೋರಾದಲ್ಲಿ / ಮಾತ್ರ 555) ಅಲ್ಲದ್ದನ್ನು ಒಂದೊಂದಾಗಿ ಸರಿಮಾಡಿ. ಹತಾಶೆಯಲ್ಲಿ "ಚೌನ್ -ಆರ್ 0:0 /ಯುಎಸ್‌ಆರ್" ಹೊಡೆಯಬೇಡಿ. ಸೆಟ್‌ಯುಐಡಿ ಗುರುತುಗಳು ಒಟ್ಟಿಗೆ ಬಿದ್ದುಹೋಗಿ ಸುಡೊ ತಾನೇ "ಮಸ್ಟ್ ಬಿ ಓನ್ಡ್ ಬೈ ಯುಐಡಿ 0 ಅಂಡ್ ಹ್ಯಾವ್ ದ ಸೆಟ್‌ಯುಐಡಿ ಬಿಟ್ ಸೆಟ್" ಎಂದು ಕೈಯೆತ್ತುತ್ತದೆ.

ಆರ್‌ಪಿಎಂ ವ್ಯವಸ್ಥೆಯಲ್ಲಿ "ಆರ್‌ಪಿಎಂ -ವಿಎ" ಓಡಿಸಿ, ಸಾಲಿನಲ್ಲಿ ಯು ಅಥವಾ ಜಿ ಅಕ್ಷರ ಇರುವವೇ ಕೆಟ್ಟವು. "--ಸೆಟ್‌ಯುಜಿಐಡಿಎಸ್", ಹೊಸದರಲ್ಲಿ "--ರಿಸ್ಟೋರ್", ಪ್ಯಾಕೇಜ್ ಹೆಸರಿನೊಂದಿಗೆ ಕೊಟ್ಟರೆ ಸರಿಹೋಗುತ್ತದೆ. ಡೆಬಿಯನ್‌ನಲ್ಲಿ ಮರು ಇನ್‌ಸ್ಟಾಲ್ ಮಾಡಿದರೆ ಫೈಲ್‌ಗಳು ಸರಿಯಾಗುತ್ತವೆ, ಆದರೆ ಮೊದಲೇ ಇರುವ ಫೋಲ್ಡರ್‌ನ ಮಾಲೀಕರನ್ನು ಡಿಪಿಕೆಜಿ ಮುಟ್ಟುವುದಿಲ್ಲ. ಕೆಟ್ಟ ಪ್ಯಾಕೇಜಿನ ಹೊಸ ಆವೃತ್ತಿ ಬಿಟ್ಟ ಮೇಲೂ ದೂರು ನಿಲ್ಲದಿದ್ದರೆ ಆ ಫೋಲ್ಡರ್‌ಗಳನ್ನು ಕೈಯಿಂದಲೋ ಪೋಸ್ಟ್‌ಇನ್‌ಸ್ಟ್‌ನಿಂದಲೋ ತಿದ್ದಬೇಕು. ಯಜಮಾನರೇ ಇಲ್ಲದ ನಂಬರ್‌ಗಳು ಉಳಿದಿವೆಯೇ ಎಂದು ನೋಡಲು "ಫೈಂಡ್ / -ಎಕ್ಸ್‌ಡೆವ್ '(' -ನೋಯೂಸರ್ -ಓ -ನೋಗ್ರೂಪ್ ')' -ಎಲ್‌ಎಸ್".

ಸಿಐನಲ್ಲಿ ಒಂದು ಕಾವಲು

ಡೆಬ್ ಕಟ್ಟಿದ ಕೂಡಲೇ ಈ ಸಾಲು ಓಡಿಸಿ:

ಡಿಪಿಕೆಜಿ-ಡೆಬ್ --ಎಫ್‌ಎಸ್‌ವೈಎಸ್-ಟಾರ್‌ಫೈಲ್ ಹೂಜಿ.ಡೆಬ್ | ಟಾರ್ --ನ್ಯೂಮರಿಕ್-ಓನರ್ -ಟಿವಿಎಫ್ - | ಆಕ್ '$2 != "0/0"'

ಏನೂ ಅಚ್ಚಾಗದಿದ್ದರೆ ಸರಿ. ಒಂದು ಸಾಲು ಬಂದರೂ ಬಿಲ್ಡ್ ಬೀಳಬೇಕು. ಆರ್‌ಪಿಎಂಗೆ "ಆರ್‌ಪಿಎಂ -ಕ್ಯೂಎಲ್‌ವಿಪಿ" ಕೊಟ್ಟು ಮೂರು, ನಾಲ್ಕನೇ ಕಾಲಂ ಪರೀಕ್ಷಿಸಿ.

ಬಿಲ್ಡ್ ಖಾತೆಗೆ 1000 ಕೊಡಬೇಡಿ. ಸಿಐನಲ್ಲೂ ಟೆಸ್ಟ್ ಮೆಷಿನ್‌ನಲ್ಲೂ 1000 ಎಂದರೆ ನೀವೇ ಆಗಿದ್ದರೆ ಸೋರಿಕೆ ಆದರೂ ನಿಮ್ಮ ಹೆಸರೇ ಕಾಣುತ್ತದೆ, ಪ್ರೋಗ್ರಾಂ ಓಡುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ. 54321 ಎಂಬಂಥ ಎಲ್ಲೂ ಇಲ್ಲದ ನಂಬರ್ ಕೊಟ್ಟು ಕಟ್ಟಿ. ಸೋರಿದ ಫೈಲ್ ಎಲ್ಲಿ ಹೋಗಿ ಕೂತರೂ "ಎಲ್‌ಎಸ್" ಪಟ್ಟಿಯಲ್ಲಿ ಹೆಸರಿನ ಜಾಗದಲ್ಲಿ ಆ ಐದಂಕಿ ಎದ್ದು ಕಾಣುತ್ತದೆ.